ಶಾಲೆಯ ವೇಳಾಪತ್ರಕವೂ ನೆರವಿನ ದಾರಿಯೂ

ರೋಹಿಣಿ ಮಳೆ ಮುಗಿದು ಮೃಗಶಿರ ಕಾಲಿಡುವ ಹೊತ್ತಿಗೆ ನಮ್ಮ ನಾಡಿನ ಶಾಲೆಗಳ ಬಾಗಿಲು ತೆರೆದಿರುವವು. ಬಾಗಿಲು ತೆರೆದ ಮಾತ್ರಕ್ಕೆ ಪಾಠ ಮೊದಲಾಯಿತೆಂದು ತಿಳಿಯುವದು ಪಾಲಕರ ಸಹಜವಾದ ನಂಬಿಕೆ. ಆದರೆ ಪ್ರತಿಯೊಂದು ಶಾಲೆಯ ಮುಖ್ಯಾಧ್ಯಾಪಕರ ಮೇಜಿನ ಮೇಲೆ ಒಂದು ಕಾಗದ ಸಿದ್ಧವಾಗದ ಹೊರತು ಅಲ್ಲಿ ನಿಜವಾದ ಪಾಠ ನಡೆಯಲಾರದು. ಆ ಕಾಗದವೇ ವೇಳಾಪತ್ರಕ. ಯಾವ ತುಕಡಿಗೆ, ಯಾವ ದಿನ, ಯಾವ ಅವಧಿಯಲ್ಲಿ, ಯಾರು, ಯಾವ ಕೋಣೆಯಲ್ಲಿ, ಏನನ್ನು ಕಲಿಸಬೇಕೆಂಬ ಆರು ಪ್ರಶ್ನೆಗಳಿಗೆ ಒಂದೇ ಹಾಳೆಯಲ್ಲಿ ಉತ್ತರ ಕೊಡುವ ಈ ಪತ್ರಕವು ಶಾಲೆಯ ಪಂಚಾಂಗವೇ ಸರಿ. ಪಂಚಾಂಗ ತಪ್ಪಿದರೆ ಮುಹೂರ್ತ ತಪ್ಪುವದು. ವೇಳಾಪತ್ರಕ ತಪ್ಪಿದರೆ ಮಕ್ಕಳ ವಿದ್ಯೆಯೇ ತಪ್ಪುವದು.

ಹಿಂಡಲಗಾ ಎಂದೊಡನೆ ದೂರದ ಊರುಗಳ ವಾಚಕರಿಗೆ ನೆನಪಾಗುವದು 1923ರಲ್ಲಿ ಸ್ಥಾಪಿತವಾದ ಅಲ್ಲಿಯ ಕಾರಾಗೃಹ. ಬೆಳಗಾವಿಯಿಂದ ವೆಂಗುರ್ಲೆಯ ಕಡೆಗೆ ಹೋಗುವ ರಸ್ತೆಯ ಮೇಲಿನ ಈ ಊರಿನಲ್ಲಿ ಸೆರೆಮನೆಯ ಗಂಟೆಯಂತೆ ಶಾಲೆಯ ಗಂಟೆಗಳೂ ಉಂಟು. ಸೆರೆಮನೆಯ ಗಂಟೆ ಒಬ್ಬ ಅಧಿಕಾರಿಯ ಅಪ್ಪಣೆಯಿಂದ ನಡೆಯುವದು. ಅಲ್ಲಿ ಯಾರ ಸೋಯಿಯನ್ನೂ ಕೇಳುವ ಕಾರಣವಿಲ್ಲ. ಶಾಲೆಯ ಗಂಟೆಯ ಹಿಂದಾದರೋ ಹತ್ತು ಹದಿನೈದು ಜನ ಶಿಕ್ಷಕರು, ಎರಡು ಮೂರು ಮಾಧ್ಯಮಗಳು, ಒಂದೇ ಪ್ರಯೋಗಶಾಲೆ, ಒಂದೇ ಆಟದ ಬಯಲು, ಅನ್ನದ ಹೊತ್ತು, ಬಸ್ಸಿನ ಹೊತ್ತು ಇವೆಲ್ಲವೂ ನಿಂತಿರುವವು. ಇವನ್ನೆಲ್ಲ ಒಂದು ಚೌಕಟ್ಟಿನಲ್ಲಿ ಕೂಡಿಸುವದು ಅಪ್ಪಣೆಯಿಂದ ಆಗತಕ್ಕ ಕೆಲಸವಲ್ಲ, ಲೆಕ್ಕದಿಂದ ಆಗತಕ್ಕದ್ದು.

ಈ ಲೆಕ್ಕವನ್ನು ಮಾಡಿಕೊಡುವ ಗಣಕಯಂತ್ರದ ತಂತ್ರಾಂಶಗಳು ಈಗ ಬೇಕಾದಷ್ಟು ಬಂದಿರುವವು. ಹಣ ಕೊಟ್ಟು ಕೊಳ್ಳತಕ್ಕವುಗಳೂ ಇವೆ, ಬಿಟ್ಟಿ ದೊರೆಯತಕ್ಕವುಗಳೂ ಇವೆ. ಆದರೂ ಈ ವಿಷಯವಾಗಿ ನಮ್ಮೊಡನೆ ಮಾತನಾಡಿದ ಶಿಕ್ಷಕರ ದೂರು ಒಂದೇ: ತಂತ್ರಾಂಶ ದೊರೆಯಿತು, ಅದು ನಡುದಾರಿಯಲ್ಲಿ ನಿಂತಾಗ ಕೈಹಿಡಿಯುವವರು ದೊರೆಯಲಿಲ್ಲ. ಸಾಧನವನ್ನು ಒದಗಿಸುವದು ಬೇರೆ, ಅದನ್ನು ಬಳಸುವವನಿಗೆ ನೆರವನ್ನು ಒದಗಿಸುವದು ಬೇರೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುವದು ಬಾವಿ ತೋಡಿಸಿ ಹಗ್ಗ ಕೊಡದಂತೆ. ಇಂದು ನಾವು ಈ ಹಗ್ಗದ ವಿಚಾರವನ್ನೇ ಮಾಡಬೇಕೆಂದಿರುವೆವು.

ಲೆಕ್ಕದ ತೊಡಕು

ವಿಷಯವು ಸ್ಪಷ್ಟವಾಗಲೆಂದು ಒಂದು ಪ್ರೌಢಶಾಲೆಯನ್ನು ಊಹಿಸೋಣ. ಬೆಳಗಾವಿಯ ಸುತ್ತಲಿನ ರೂಢಿಯಂತೆ ಅದರಲ್ಲಿ ಕನ್ನಡ ಮಾಧ್ಯಮದ ಮೂರು ತುಕಡಿ, ಮರಾಠಿ ಮಾಧ್ಯಮದ ಮೂರು ತುಕಡಿ, ಒಟ್ಟು ಆರು ಇರಲಿ. ಸೋಮವಾರದಿಂದ ಶುಕ್ರವಾರದ ವರೆಗೆ ದಿನಕ್ಕೆ 8 ಅವಧಿ, ಶನಿವಾರ ಮುಂಜಾನೆಯ ಶಾಲೆಯಲ್ಲಿ 5 ಅವಧಿ, ವಾರಕ್ಕೆ 45. ಆರು ತುಕಡಿಗಳಿಗೆ 270 ಅವಧಿಗಳನ್ನು ತುಂಬಬೇಕು. ಗಣಿತಕ್ಕೆ ಎರಡು ಭಾಷೆಗಳನ್ನೂ ಬಲ್ಲ ಒಬ್ಬರೇ ಶಿಕ್ಷಕರು. ತುಕಡಿಗೆ ವಾರಕ್ಕೆ 6 ಅವಧಿಯಂತೆ ಅವರಿಗೆ 36 ಅವಧಿಗಳ ಕೆಲಸ.

ಮುಖ್ಯಾಧ್ಯಾಪಕರು ಸದಿಚ್ಛೆಯಿಂದಲೇ ಒಂದು ನಿಯಮ ಹಾಕುವರು: ಮಕ್ಕಳ ಬುದ್ಧಿ ಮುಂಜಾನೆ ಚುರುಕಾಗಿರುವದರಿಂದ ಎಲ್ಲ ತುಕಡಿಗಳಿಗೂ ಗಣಿತವು ಮೊದಲನೆಯ ಅವಧಿಯಲ್ಲಿಯೇ ಇರಬೇಕು. ಕೇಳಲಿಕ್ಕೆ ಇದು ಎಷ್ಟು ಹಿತವಾದ ಮಾತು! ಆದರೆ ವಾರದಲ್ಲಿ ಮೊದಲನೆಯ ಅವಧಿಗಳು ಇರುವವೇ 6. ಒಬ್ಬ ಮನುಷ್ಯನು ಆರರಲ್ಲಿ ಮೂವತ್ತಾರನ್ನು ಹೇಗೆ ಹಿಡಿಸಲಿ? ತಂತ್ರಾಂಶವು ‘ಸಾಧ್ಯವಿಲ್ಲ’ ಎಂದು ಹೇಳಿ ನಿಲ್ಲುವದು. ಅಷ್ಟಕ್ಕೆ ‘ಈ ತಂತ್ರಾಂಶ ಕೆಟ್ಟಿದೆ’ ಎಂಬ ತೀರ್ಪು ಶಿಕ್ಷಕರ ಕೋಣೆಯಿಂದ ಹೊರಬೀಳುವದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಇನ್ನೊಂದು ಉದಾಹರಣೆ. ಹಿಂದಿ ಶಿಕ್ಷಕರು ನಿಯೋಜನೆಯ ಮೇಲೆ ಎರಡು ಶಾಲೆಗಳಲ್ಲಿ ಕೆಲಸ ಮಾಡುವರು. ಇಲ್ಲಿಗೆ ಸೋಮವಾರ, ಬುಧವಾರ, ಶುಕ್ರವಾರ ಮಾತ್ರ ಬರುವರು. ಮೂರು ದಿನಕ್ಕೆ ಅವರಿಂದ ದೊರೆಯಬಹುದಾದ ಅವಧಿಗಳು 24. ಆರು ತುಕಡಿಗಳಿಗೆ ತಲಾ 4ರಂತೆ 24, ಹಿಂದುಳಿದ ಮಕ್ಕಳ ಪರಿಹಾರ ಬೋಧನೆಗೆ 1, ಒಟ್ಟು 25. ಒಂದೇ ಒಂದು ಅವಧಿಯ ಕೊರತೆಯಿಂದ ಇಡೀ ಪತ್ರಕವು ನಿಂತುಹೋಗುವದು. ಈ ಒಂದು ಅವಧಿಯನ್ನು ಹುಡುಕಲು ಕಾಗದದ ಮೇಲೆ ಎರಡು ನಿಮಿಷ ಸಾಕು. ಯಂತ್ರದ ಎದುರಿಗೆ ಕುಳಿತು ‘ಏಕೆ ಆಗುತ್ತಿಲ್ಲ’ ಎಂದು ಹಲುಬಿದರೆ ಎರಡು ವಾರಗಳೂ ಸಾಲವು.

ಈ ಎರಡು ವಾರಗಳ ಬೆಲೆ ಏನೆಂಬದನ್ನು ಯಾರೂ ಲೆಕ್ಕ ಹಾಕುವದಿಲ್ಲ. ಪತ್ರಕವು ಗೊತ್ತಾಗದೆ ಹತ್ತನೆಯ ವರ್ಗದ ಒಂದು ತುಕಡಿಯಲ್ಲಿ ಐದು ವಾರ ಗಣಿತ ನಡೆಯಲಿಲ್ಲವೆಂದು ಇಟ್ಟುಕೊಳ್ಳಿ. 30 ಅವಧಿಗಳು ಹೋದವು. 40 ನಿಮಿಷದ ಅವಧಿಯಾದರೆ 20 ತಾಸುಗಳ ಪಾಠ ಹೋಯಿತು. ಮಾರ್ಚಿನ ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಅಂಕಪತ್ರಿಕೆಯ ಮೇಲೆ ‘ಜೂನ್ ತಿಂಗಳಲ್ಲಿ ವೇಳಾಪತ್ರಕ ಇರಲಿಲ್ಲ’ ಎಂದು ಯಾರೂ ಬರೆಯುವದಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಎಂಟನೆಯ ವರ್ಗದ ವರೆಗೆ ವರ್ಷಕ್ಕೆ 220 ದಿನ, 1000 ತಾಸುಗಳ ಬೋಧನೆ ಆಗಬೇಕೆಂದು ವಿಧಿಸಿರುವದು. ಕಾಯಿದೆಯ ಈ ಸಾವಿರ ತಾಸುಗಳು ಮಕ್ಕಳಿಗೆ ತಲುಪುವದು ಯಾವುದರ ಮೂಲಕ? ಗೋಡೆಗೆ ಅಂಟಿಸಿದ ಈ ಒಂದು ಹಾಳೆಯ ಮೂಲಕವೇ.

ಯಂತ್ರಕ್ಕೂ ಇದು ಯಾತಕ್ಕೆ ಕಠಿಣ?

ವೇಳಾಪತ್ರಕದ ಕೆಲಸ ಗುಮಾಸ್ತಿಕೆಯದೆಂದು ತಿಳಿದವರು ಗಣಿತಶಾಸ್ತ್ರದ ಚರಿತ್ರೆಯನ್ನು ಒಮ್ಮೆ ನೋಡಬೇಕು. 1916ನೆಯ ಇಸವಿಯು ಬೆಳಗಾವಿಗೆ ಮರೆಯಲಾಗದ ವರ್ಷ. ಆ ವರ್ಷದ ಎಪ್ರಿಲ್‌ದಲ್ಲಿ ಲೋಕಮಾನ್ಯ ಟಿಳಕರು ಇಲ್ಲಿ ಹೋಮ್ ರೂಲ್ ಲೀಗನ್ನು ಸ್ಥಾಪಿಸಿದರು. ನವೆಂಬರದಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಹುಟ್ಟಿತು. ಅದೇ 1916ರಲ್ಲಿ ದೂರದ ಹಂಗೇರಿಯ ಡೇನೆಶ್ ಕೊನಿಗ್ ಎಂಬ ಗಣಿತಜ್ಞರು ಒಂದು ಪ್ರಮೇಯವನ್ನು ಸಾಧಿಸಿದರು. ಶಾಲೆಯ ಭಾಷೆಯಲ್ಲಿ ಹೇಳುವದಾದರೆ ಅದರ ತಾತ್ಪರ್ಯವಿಷ್ಟು: ಎಲ್ಲ ಶಿಕ್ಷಕರೂ ಎಲ್ಲ ತುಕಡಿಗಳೂ ಎಲ್ಲ ಹೊತ್ತಿನಲ್ಲಿಯೂ ದೊರೆಯುವಂತಿದ್ದು ಬೇರೆ ಯಾವ ನಿಯಮವೂ ಇಲ್ಲದಿದ್ದರೆ, ಯಾವೊಬ್ಬ ಶಿಕ್ಷಕನ ಅಥವಾ ತುಕಡಿಯ ಪಾಲಿನ ಕೆಲಸವೂ ವಾರದ ಒಟ್ಟು ಅವಧಿಗಳನ್ನು ಮೀರದ ಪಕ್ಷದಲ್ಲಿ ವೇಳಾಪತ್ರಕವು ಆಗಿಯೇ ಆಗುವದು. ಬರಿಯ ಎಣಿಕೆಯಿಂದಲೇ ಸಾಧ್ಯಾಸಾಧ್ಯವನ್ನು ಹೇಳಬಹುದು.

ಆದರೆ ಲೋಕದ ಶಾಲೆಗಳು ಹಾಗಿರುವದಿಲ್ಲವಷ್ಟೆ. ‘ನನಗೆ ಮಂಗಳವಾರ ಆಗುವದಿಲ್ಲ’, ‘ಅತಿಥಿ ಶಿಕ್ಷಕರು ಮಧ್ಯಾಹ್ನ ಮಾತ್ರ ಬರುವರು’ ಎಂಬ ಮಾತು ಸೇರಿದೊಡನೆ ಲೆಕ್ಕದ ಸ್ವಭಾವವೇ ಬದಲಾಗುವದು. 1976ರಲ್ಲಿ ಶಿಮೋನ್ ಈವನ್, ಅಲೋನ್ ಇತಾಯಿ, ಆದಿ ಶಮೀರ್ ಎಂಬ ಮೂವರು ವಿದ್ವಾಂಸರು, ಶಿಕ್ಷಕರ ಬಿಡುವಿನ ನಿರ್ಬಂಧಗಳಿರುವ ವೇಳಾಪತ್ರಕದ ಸಮಸ್ಯೆಯು ಗಣಕಶಾಸ್ತ್ರದಲ್ಲಿಯ ಅತ್ಯಂತ ಕಠಿಣವಾದ ಸಮಸ್ಯೆಗಳ ವರ್ಗಕ್ಕೆ ಸೇರಿದ್ದೆಂದು ಸಿದ್ಧಪಡಿಸಿದರು. ಈ ಶಮೀರರೇ ಮುಂದೆ ಗುಪ್ತಲಿಪಿಯ ಶಾಸ್ತ್ರದಲ್ಲಿ ಲೋಕಪ್ರಸಿದ್ಧರಾದವರು. ಮಾಡಿಟ್ಟ ಪತ್ರಕ ಸರಿಯೋ ತಪ್ಪೋ ಎಂದು ಪರೀಕ್ಷಿಸುವದು ಸುಲಭ. ಸರಿಯಾದುದನ್ನು ಹೊಸದಾಗಿ ಹುಡುಕುವದಕ್ಕೆ ಎಲ್ಲ ಶಾಲೆಗಳಿಗೂ ಸಲ್ಲುವ ಶೀಘ್ರಮಾರ್ಗವನ್ನು ಇದುವರೆಗೆ ಯಾರೂ ಕಂಡುಹಿಡಿದಿಲ್ಲ. 1995ರಲ್ಲಿ ಎಡಿನ್‌ಬರೋ ನಗರದಲ್ಲಿ ಈ ಒಂದೇ ವಿಷಯಕ್ಕೆ ಮೀಸಲಾದ ಅಂತರರಾಷ್ಟ್ರೀಯ ಪರಿಷತ್ತು ಕೂಡಿತು. 2011ರ ಸ್ಪರ್ಧೆಯಲ್ಲಿ ಹಲವು ದೇಶಗಳ ಪ್ರೌಢಶಾಲೆಗಳ ನಿಜವಾದ ಲೆಕ್ಕಗಳನ್ನೇ ವಿದ್ವಾಂಸರ ಮುಂದೆ ಇಡಲಾಯಿತು. ವಿದ್ವಾಂಸರು ಪಣತೊಟ್ಟು ಬಿಡಿಸುವ ಒಗಟನ್ನು ನಮ್ಮ ಹಳ್ಳಿಯ ಮುಖ್ಯಾಧ್ಯಾಪಕರು ವರ್ಷವರ್ಷವೂ ಜೂನ್ ತಿಂಗಳಲ್ಲಿ ಒಬ್ಬರೇ ಕುಳಿತು ಬಿಡಿಸಬೇಕಾಗಿರುವದು. ಅವರಿಗೆ ನೆರವು ಬೇಕೆಂಬದು ದುರ್ಬಲತೆಯ ಮಾತಲ್ಲ, ನ್ಯಾಯದ ಮಾತು.

ತಂತ್ರಾಂಶಗಳು ಹೇಗೆ ಕೆಲಸ ಮಾಡುವವೆಂಬದನ್ನು ಸ್ವಲ್ಪ ತಿಳಿದಿದ್ದರೆ ನೆರವು ಕೇಳುವದೂ ಸುಲಭವಾಗುವದು. ರುಮೇನಿಯ ದೇಶದ ಲಿವಿಯು ಲಾಲೆಸ್ಕು ಎಂಬವರು 2002ರಲ್ಲಿ ಆರಂಭಿಸಿದ ‘ಫೆಟ್’ ಎಂಬ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಇದು ಸ್ವತಂತ್ರ ತಂತ್ರಾಂಶ; ಯಾರಾದರೂ ಬೆಲೆಯಿಲ್ಲದೆ ಪಡೆಯಬಹುದು, ಹಂಚಬಹುದು, ತಿದ್ದಬಹುದು. 2007ರಿಂದ ಇದು ಅನುಸರಿಸುತ್ತಿರುವ ರೀತಿಯು ನಮ್ಮ ಹಳೆಯ ಮಾಸ್ತರರು ಚೀಟಿಗಳನ್ನು ಹಾಸಿಕೊಂಡು ಮಾಡುತ್ತಿದ್ದ ರೀತಿಯೇ. ಎಲ್ಲಕ್ಕಿಂತ ಇಕ್ಕಟ್ಟಿನ ಪಾಠವನ್ನು ಮೊದಲು ಕೂಡಿಸುವದು. ಒಂದಕ್ಕೆ ಜಾಗ ಸಿಗದಿದ್ದರೆ ಅಡ್ಡ ಬಂದ ಪಾಠವನ್ನು ಎಬ್ಬಿಸಿ ಅದಕ್ಕೆ ಬೇರೆ ಜಾಗ ನೋಡುವದು. ಅದಕ್ಕೂ ಅಡ್ಡಿ ಬಂದರೆ ಮತ್ತೊಂದನ್ನು ಎಬ್ಬಿಸುವದು. ಎಷ್ಟು ಮಾಡಿದರೂ ಆಗದಿದ್ದರೆ ಎಲ್ಲಿ ಸಿಕ್ಕಿಕೊಂಡಿತೆಂಬದನ್ನು, ಯಾವ ಪಾಠಗಳು ಅಸಾಧ್ಯವಾಗಿರಬಹುದೆಂಬದನ್ನು ಅದು ತಾನೇ ತೋರಿಸುವದು. ಈ ಸೂಚನೆಯನ್ನು ಓದುವದೇ ಮೊದಲನೆಯ ನೆರವು. ಆದರೆ ಸೂಚನೆ ಇಂಗ್ಲಿಷಿನಲ್ಲಿ ಬಂದೊಡನೆ ಅದನ್ನು ಓದದೆ ಕಿಟಕಿ ಮುಚ್ಚಿಬಿಡುವ ಚಾಳಿ ನಮ್ಮಲ್ಲಿ ಬಹಳವಾಗಿರುವದು.

ನೆರವಿನ ನಾಲ್ಕು ಬಾಗಿಲು

ಸಹಾಯ ಬೇಕಾದವರು ತಟ್ಟಬಹುದಾದ ಬಾಗಿಲುಗಳು ನಾಲ್ಕು. ಮೊದಲನೆಯದು ತಂತ್ರಾಂಶದ ಜೊತೆಗೇ ಬರುವ ಕೈಪಿಡಿ ಮತ್ತು ಮಾದರಿ ಕಡತಗಳು. ತಮ್ಮ ಶಾಲೆಯನ್ನು ಹೋಲುವ ಒಂದು ಮಾದರಿಯನ್ನು ತೆರೆದು ಅದರೊಳಗೆ ನಿಯಮಗಳನ್ನು ಹೇಗೆ ಬರೆದಿರುವರೆಂದು ನೋಡಿದರೆ ಅರ್ಧ ಸಂಶಯ ಪರಿಹಾರವಾಗುವದು.

ಎರಡನೆಯದು ತಂತ್ರಾಂಶವನ್ನು ಮಾಡಿದವರು. ಸ್ಲೊವಾಕಿಯದ ಎ.ಎಸ್.ಸಿ., ಆಸ್ಟ್ರಿಯದ ಉಂಟಿಸ್ ಮೊದಲಾದ ಬೆಲೆಯ ತಂತ್ರಾಂಶಗಳನ್ನು ಕೊಳ್ಳುವವರು ಬೆಲೆಯೊಂದನ್ನೇ ನೋಡಬಾರದು. ನೆರವು ಎಷ್ಟು ವರ್ಷದ್ದು, ಯಾವ ಭಾಷೆಯಲ್ಲಿ, ಶಾಲೆ ತೆರೆಯುವ ವಾರದಲ್ಲಿ ಉತ್ತರ ಎಷ್ಟು ದಿನಕ್ಕೆ, ಲೈಸೆನ್ಸು ಮುಗಿದ ಮೇಲೆ ಹಳೆಯ ಕಡತ ತೆರೆಯುವದೋ ಇಲ್ಲವೋ ಎಂಬದನ್ನು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಬೇಕು. ಬಿಟ್ಟಿಯ ತಂತ್ರಾಂಶದಲ್ಲಿ ಉತ್ತರ ಕೊಡಲೇಬೇಕೆಂಬ ಕರಾರು ಯಾರ ಮೇಲೆಯೂ ಇಲ್ಲ. ಆದರೂ ಕೇಳುವವನು ಚೊಕ್ಕಟವಾಗಿ ಕೇಳಿದರೆ ಮಾಡಿದವರೂ ಬಳಸಿದವರೂ ಉತ್ತರ ಕೊಡುವದುಂಟು.

ಮೂರನೆಯದು ನೆರೆಯ ಶಾಲೆ. ಇದಕ್ಕಿಂತ ಹತ್ತಿರದ, ಇದಕ್ಕಿಂತ ಅಗ್ಗದ ನೆರವು ಬೇರೊಂದಿಲ್ಲ. ಒಂದು ಶಾಲೆಯಲ್ಲಿ ಈ ವಿದ್ಯೆಯನ್ನು ಬಲ್ಲ ಒಬ್ಬರಿದ್ದರೆ ಸುತ್ತಲಿನ ಐದು ಶಾಲೆಗಳಿಗೆ ಅವರೇ ಗುರುಗಳಾಗಬಹುದು. ಆದರೆ ನಮ್ಮಲ್ಲಿ ಪಕ್ಕದ ಶಾಲೆಗೆ ಹೋಗಿ ‘ನಮಗೆ ಬರಲಿಲ್ಲ, ತೋರಿಸಿರಿ’ ಎನ್ನುವದು ಮಾನಭಂಗವೆಂದು ತಿಳಿಯುವವರು ಇರುವರು. ಕನ್ನಡ ಶಾಲೆಯವರು ಮರಾಠಿ ಶಾಲೆಯವರನ್ನು, ಮರಾಠಿ ಶಾಲೆಯವರು ಉರ್ದು ಶಾಲೆಯವರನ್ನು ಕೇಳಬಾರದೆಂಬ ಶಾಸನವಂತೂ ಎಲ್ಲಿಯೂ ಇಲ್ಲ. ಅವಧಿಗಳ ಲೆಕ್ಕಕ್ಕೆ ಭಾಷೆಯ ಗಡಿ ಇಲ್ಲ.

ನಾಲ್ಕನೆಯದು ಶಿಕ್ಷಣ ಇಲಾಖೆ. ಸಮೂಹ ಸಂಪನ್ಮೂಲ ವ್ಯಕ್ತಿಗಳು, ಕ್ಷೇತ್ರ ಸಂಪನ್ಮೂಲ ಕೇಂದ್ರಗಳು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳು ತಾಲೂಕಿನ ಮಟ್ಟದಲ್ಲಿರುವವು. ಶಿಕ್ಷಕರ ತರಬೇತಿಯ ಜಿಲ್ಲಾ ಸಂಸ್ಥೆಯು ಹಿಂಡಲಗಾದ ನೆರೆಯ ಮಣ್ಣೂರಿನಲ್ಲಿಯೇ ಇರುವದು. ಬೋಧನೆಯ ರೀತಿನೀತಿಗಳಲ್ಲಿ ತರಬೇತಿ ಕೊಡುವ ಈ ವ್ಯವಸ್ಥೆಯು ವೇಳಾಪತ್ರಕದ ವಿದ್ಯೆಯನ್ನೂ ತನ್ನ ಕೆಲಸವೆಂದು ತಿಳಿದುಕೊಂಡರೆ ನೆರವಿನ ದೊಡ್ಡ ಬಾಗಿಲು ತೆರೆದಂತಾಗುವದು.

ಕೇಳುವ ರೀತಿ

ವೈದ್ಯರ ಬಳಿಗೆ ಹೋಗಿ ‘ನನಗೆ ಆರಾಮವಿಲ್ಲ’ ಎಂದಷ್ಟೇ ಹೇಳಿ ಸುಮ್ಮನೆ ಕುಳಿತರೆ ಯಾವ ಧನ್ವಂತರಿಯೂ ಔಷಧ ಕೊಡಲಾರನು. ‘ತಂತ್ರಾಂಶ ನಡೆಯುತ್ತಿಲ್ಲ, ಬೇಗ ತಿಳಿಸಿರಿ’ ಎಂಬ ಪ್ರಶ್ನೆಯೂ ಇದೇ ತರದ್ದು. ನೆರವು ಕೇಳುವವರು ಐದು ಸಂಗತಿಗಳನ್ನು ಕೈಯಲ್ಲಿ ಹಿಡಿದು ಹೋಗಬೇಕು. ತಂತ್ರಾಂಶದ ಆವೃತ್ತಿಯ ಸಂಖ್ಯೆ ಯಾವುದು, ಅದು ನಡೆಯುತ್ತಿರುವ ಗಣಕಯಂತ್ರ ಎಂಥದು ಎಂಬದು ಒಂದು. ತೆರೆಯ ಮೇಲೆ ಬಂದ ಸೂಚನೆಯ ಅಕ್ಷರಶಃ ಪ್ರತಿ ಎರಡು. ತೊಂದರೆ ಮೊದಲಾಗುವದಕ್ಕಿಂತ ಮುಂಚೆ ಕಡೆಯದಾಗಿ ಏನನ್ನು ಬದಲಿಸಿದರೆಂಬದು ಮೂರು. ಏನಾಗಬೇಕಿತ್ತು, ಏನಾಯಿತು ಎಂಬದು ನಾಲ್ಕು. ಎಲ್ಲಕ್ಕಿಂತ ಮುಖ್ಯವಾದ ಐದನೆಯದು, ಮೂಲ ಕಡತ. ತೆರೆಯ ಭಾವಚಿತ್ರವನ್ನು ತೆಗೆದು ಕಳಿಸಿದರೆ ನೋಡುವವರಿಗೆ ರೋಗಿಯ ಅಂಗಿ ಕಂಡಂತೆ ಆಗುವದು. ನಾಡಿ ಹಿಡಿಯಲು ಕಡತವೇ ಬೇಕು. ಕಳಿಸುವ ಮೊದಲು ಅದರಲ್ಲಿ ಜನರ ಹೆಸರು, ದೂರವಾಣಿಯ ಸಂಖ್ಯೆ ಮುಂತಾದವು ಇದ್ದರೆ ತೆಗೆದು ‘ಗಣಿತ ಶಿಕ್ಷಕ 1’, ‘ವಿಜ್ಞಾನ ಶಿಕ್ಷಕಿ 2’ ಎಂದು ಬದಲಿಸುವದು ಸಭ್ಯತೆ.

ಕೇಳುವದಕ್ಕಿಂತ ಮೊದಲು ಮಾಡಿ ನೋಡಬಹುದಾದ ಒಂದು ಉಪಾಯವನ್ನೂ ಹೇಳಬೇಕು. ಕಡತದ ಒಂದು ಪ್ರತಿ ತೆಗೆದಿಟ್ಟುಕೊಂಡು, ಇನ್ನೊಂದು ಪ್ರತಿಯಲ್ಲಿ ನಿಯಮಗಳ ಅರ್ಧವನ್ನು ಬಿಟ್ಟು ನಡೆಸಿ ನೋಡುವದು. ಪತ್ರಕ ಸಿದ್ಧವಾದರೆ ತೊಡಕು ಬಿಟ್ಟ ಅರ್ಧದಲ್ಲಿರುವದು. ಆಗದಿದ್ದರೆ ಉಳಿದ ಅರ್ಧದಲ್ಲಿರುವದು. ತೊಡಕಿದ್ದ ಅರ್ಧವನ್ನು ಪುನಃ ಅರ್ಧ ಮಾಡುವದು. 64 ನಿಯಮಗಳಲ್ಲಿ ತಪ್ಪು ಒಂದೇ ಇದ್ದರೆ ಆರು ಸಲಕ್ಕೆ ಅದು ಸಿಕ್ಕಿಬೀಳುವದು. ಒಂಟಿಯಾಗಿ ಸರಿಯಾಗಿದ್ದು ಜೊತೆಗೂಡಿದಾಗ ಮಾತ್ರ ಜಗಳವಾಡುವ ನಿಯಮಗಳೂ ಇರುವದರಿಂದ ಹೆಚ್ಚು ತಾಳ್ಮೆ ಬೇಕಾಗಬಹುದು. ಆದರೂ ಹುಡುಕುವ ಬಯಲು ಸಣ್ಣದಾಗಿಯೇ ಆಗುವದು. ಇದಕ್ಕಿಂತಲೂ ಮೊದಲು, ಪ್ರತಿಯೊಬ್ಬ ಶಿಕ್ಷಕರ ಹೆಸರಿನ ಮುಂದೆ ‘ಬೇಕಾದ ಅವಧಿ, ದೊರೆಯುವ ಅವಧಿ’ ಎಂಬ ಎರಡು ಅಂಕಿಗಳನ್ನು ಕಾಗದದ ಮೇಲೆ ಬರೆದು ನೋಡಿದರೆ ಹಿಂದೆ ಹೇಳಿದ 24 ಮತ್ತು 25ರಂಥ ತೊಡಕುಗಳು ಯಂತ್ರವನ್ನು ಮುಟ್ಟುವ ಮೊದಲೇ ಬಯಲಾಗುವವು. ಆಗಲೇಬೇಕಾದ ನಿಯಮ ಯಾವುದು, ಆದರೆ ಒಳಿತೆಂಬ ನಿಯಮ ಯಾವುದು ಎಂಬದನ್ನೂ ಬೇರೆಬೇರೆ ಬರೆಯತಕ್ಕದ್ದು. ಒಬ್ಬ ಶಿಕ್ಷಕರು ಒಂದೇ ಹೊತ್ತಿಗೆ ಎರಡು ಕೋಣೆಗಳಲ್ಲಿ ಇರಬಾರದೆಂಬದು ಮೊದಲನೆಯದು. ಗಣಿತ ಮುಂಜಾನೆ ಇರಬೇಕೆಂಬದು ಎರಡನೆಯದು. ಎಲ್ಲವನ್ನೂ ಮೊದಲನೆಯದಾಗಿ ಮಾಡಿದರೆ ಯಾವುದೂ ಆಗುವದಿಲ್ಲ.

ನಮ್ಮ ಕಡೆಯ ಅಡಚಣಿಗಳು

ನಮ್ಮ ಕಡೆಗೆ ವಿಶೇಷವಾದ ಕೆಲವು ಅಡಚಣಿಗಳಿರುವವು. ಒಂದು ಲಿಪಿಯದು. ಕಚೇರಿಗಳಲ್ಲಿ ‘ನುಡಿ’ಯ ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟ ಹೆಸರುಗಳನ್ನು ತಂತ್ರಾಂಶದಲ್ಲಿ ತಂದಿಟ್ಟರೆ ಅವು ಅರ್ಥವಿಲ್ಲದ ಗೀಟುಗಳಾಗುವವು. ಇದು ತಂತ್ರಾಂಶದ ದೋಷವಲ್ಲ. ಹಳೆಯ ಶೈಲಿಯು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂಡಿಸಿದ್ದು. ಯೂನಿಕೋಡಿನಲ್ಲಿ ಬರೆದರೆ ಕನ್ನಡವೂ ಮರಾಠಿಯೂ ಉರ್ದುವೂ ಒಂದೇ ಹಾಳೆಯಲ್ಲಿ ಸುಖವಾಗಿ ಕೂಡುವವು. ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಇರುವವು. ಇಷ್ಟನ್ನು ಹೇಳಿಕೊಡುವವರಿಲ್ಲದೆ ಎಷ್ಟೋ ಶಾಲೆಗಳು ಕನ್ನಡದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು ಸಾಗಿಸುತ್ತಿರುವವು.

ಎರಡನೆಯದು ಭೂಗೋಲದ್ದು. ಖಾನಾಪುರ ತಾಲೂಕಿನ ಜಾಂಬೋಟಿ, ಮಲಪ್ರಭೆಯು ಹುಟ್ಟುವ ಕಣಕುಂಬಿ ಮುಂತಾದ ಕಾಡಿನ ಊರುಗಳಲ್ಲಿ ಆಷಾಢದ ಮಳೆಯೆಂದರೆ ವಿದ್ಯುತ್ತೂ ಜಾಲವೂ ಬಸ್ಸೂ ಒಮ್ಮೆಲೇ ಕೈಕೊಡುವ ಕಾಲ. ಮಳೆಯ ರಜೆಯಿಂದ ಕಳೆದ ದಿನಗಳನ್ನು ತುಂಬಲು ಪತ್ರಕವನ್ನು ತಿರುಗಿ ತಿದ್ದಬೇಕಾಗುವದು. ಅಂಥ ಊರಿನ ಶಾಲೆಗೆ, ಜಾಲವಿದ್ದಾಗ ಮಾತ್ರ ನಡೆಯುವ ತಂತ್ರಾಂಶವನ್ನೂ ಜಾಲದ ಮೂಲಕ ಮಾತ್ರ ದೊರೆಯುವ ನೆರವನ್ನೂ ಗಂಟುಹಾಕುವದು ಜಾಣತನವಲ್ಲ. ಯಂತ್ರದೊಳಗೇ ನೆಲೆಸಿರುವ ತಂತ್ರಾಂಶ, ಅಚ್ಚಾದ ಕೈಪಿಡಿ, ತಾಲೂಕಿಗೆ ಒಬ್ಬ ಬಲ್ಲ ಮನುಷ್ಯ, ಇವೇ ಅಲ್ಲಿಗೆ ತಕ್ಕವು.

ಮೂರನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು, ವಿದ್ಯೆಯೆಲ್ಲ ಒಬ್ಬನ ಕೈಯಲ್ಲಿರುವದು. ಶಾಲೆಯಲ್ಲಿ ತಂತ್ರಾಂಶ ಬಲ್ಲವರು ಒಬ್ಬರೇ. ವರ್ಗಾವಣೆಯ ಪಟ್ಟಿಯಲ್ಲಿ ಅವರ ಹೆಸರು ಬಂದ ದಿನವೇ ಕಡತವೂ ಗುಪ್ತಪದವೂ ಅನುಭವವೂ ಅವರ ಜೊತೆಗೆ ಹೋಗುವವು. ಬಂದ ವರ್ಷ ಮತ್ತೆ ಮೊದಲಿನಿಂದ. ಮನುಷ್ಯನನ್ನು ನಂಬಿದ ನೆರವು ಮನುಷ್ಯನ ಜೊತೆಗೇ ಹೋಗುವದು. ಸಂಸ್ಥೆಯನ್ನು ನಂಬಿದ ನೆರವು ಮಾತ್ರ ಉಳಿಯುವದು.

‘ಇಷ್ಟು ವರ್ಷ ಕೈಯಿಂದಲೇ ಮಾಡುತ್ತಿರಲಿಲ್ಲವೇ, ಈ ಯಂತ್ರದ ಗೊಡವೆ ಯಾತಕ್ಕೆ’ ಎಂದು ಕೇಳುವ ಹಿರಿಯರಿರುವರು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಇಬ್ಬರು ಶಿಕ್ಷಕರ ಕಿರಿಯ ಶಾಲೆಗೆ ತಂತ್ರಾಂಶ ಬೇಕಿಲ್ಲ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲೂಕಿನಲ್ಲಿ ಮೊದಲಾಗಿ ನಾಡೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಹಲವು ವರ್ಗದ ಮಕ್ಕಳು ಒಟ್ಟಿಗೆ ಕುಳಿತು ತಂತಮ್ಮ ವೇಗದಲ್ಲಿ ಕಲಿಯುವರು. ಅಲ್ಲಿ ಅವಧಿಗಳ ಚೌಕಟ್ಟಿಗೇ ಅಷ್ಟು ಬೆಲೆಯಿಲ್ಲ. ಆದರೆ ಹಲವು ಮಾಧ್ಯಮ, ಹಲವು ತುಕಡಿ, ಹಂಚಿಹೋದ ಶಿಕ್ಷಕರು ಇರುವ ಪ್ರೌಢಶಾಲೆಯಲ್ಲಿ, ಆಗಸ್ಟದಲ್ಲಿ ಒಬ್ಬರು ಹೋಗಿ ಇನ್ನೊಬ್ಬರು ಬಂದಾಗ 270 ಅವಧಿಗಳನ್ನು ಕೈಯಿಂದ ತಿರುಗಿ ಜೋಡಿಸುವದು ಸಣ್ಣ ಮಾತಲ್ಲ. ಆಗ ಯಂತ್ರದ ಉಪಕಾರ ದೊಡ್ಡದು.

ಇಲ್ಲೊಂದು ಎಚ್ಚರಿಕೆಯೂ ಅವಶ್ಯ. ‘ಯಂತ್ರವೇ ಹೀಗೆ ಹಾಕಿತು, ನಾವೇನು ಮಾಡೋಣ’ ಎಂಬ ಹೊಸ ನೆವವು ಹುಟ್ಟಬಾರದು. ಅತಿಥಿ ಶಿಕ್ಷಕರಿಗೆ ಯಾವಾಗಲೂ ದಿನದ ಕಡೆಯ ಅವಧಿ, ಬೇಕಾದವರಿಗೆ ಯಾವಾಗಲೂ ಶನಿವಾರ ಬಿಡುವು ಬಂದರೆ ಅದು ಯಂತ್ರದ ಇಚ್ಛೆಯಲ್ಲ. ಯಂತ್ರಕ್ಕೆ ನಿಯಮ ಕೊಟ್ಟವರ ಇಚ್ಛೆ. ಆದುದರಿಂದ ಯಾವ ಯಾವ ನಿಯಮಗಳನ್ನು ಹಾಕಲಾಯಿತೆಂಬದನ್ನು ಶಿಕ್ಷಕರ ಸಭೆಯಲ್ಲಿ ಓದಿ, ಪತ್ರಕದ ಪಕ್ಕದಲ್ಲಿಯೇ ಅಂಟಿಸಬೇಕು. ನ್ಯಾಯವು ಕಣ್ಣಿಗೆ ಕಂಡರೆ ಅರ್ಧ ತಕರಾರು ತಾನೇ ಅಡಗುವದು.

ಆಗಬೇಕಾದುದು

ನೆರೆನಾಡಿನ ಉದಾಹರಣೆಯೊಂದು ನಮ್ಮ ಕಣ್ಣೆದುರಿಗಿರುವದು. ಕೇರಳವು ಈ ಶತಮಾನದ ಆರಂಭದಲ್ಲಿ ಶಾಲೆಗಳ ಗಣಕಶಿಕ್ಷಣಕ್ಕೆಂದು ತೆಗೆದ ಯೋಜನೆಯನ್ನು 2017ರಲ್ಲಿ ‘ಕೈಟ್’ ಎಂಬ ಸ್ಥಿರವಾದ ಸಂಸ್ಥೆಯನ್ನಾಗಿ ಮಾಡಿತು. ಜಿಲ್ಲೆಜಿಲ್ಲೆಗೆ ಶಿಕ್ಷಕರೊಳಗಿಂದಲೇ ಆರಿಸಿದ ಮುಖ್ಯ ತರಬೇತಿದಾರರನ್ನು ನೇಮಿಸಿತು. ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ಬಳಕೆಗೆ ತಂದಿತು. ಅಲ್ಲಿಯ ಗಣಕದ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳುಗಳ ಜೊತೆಗೆ ಕನ್ನಡದಲ್ಲಿಯೂ ಇರುವವು. ಕಾಸರಗೋಡಿನ ಕನ್ನಡ ಮಕ್ಕಳು ಅವನ್ನು ಓದುವರು. ಪರರಾಜ್ಯದಲ್ಲಿಯ ಕನ್ನಡ ಮಗುವಿಗೆ ದೊರೆತದ್ದು ಸ್ವರಾಜ್ಯದಲ್ಲಿಯ ಕನ್ನಡ ಶಿಕ್ಷಕರಿಗೆ ದೊರೆಯಬಾರದೇ? ನಮ್ಮಲ್ಲಿಯೂ 2010ರ ದಶಕದಲ್ಲಿ ಇಲಾಖೆಯೂ ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಸಂಸ್ಥೆಯೂ ಕೂಡಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲವೆಂಬ ಭಂಡಾರವನ್ನು ಕಟ್ಟಿದವು. ಶಿಕ್ಷಕರೇ ಶಿಕ್ಷಕರಿಗೆ ಸ್ವತಂತ್ರ ತಂತ್ರಾಂಶಗಳ ಬಳಕೆಯನ್ನು ಕನ್ನಡದಲ್ಲಿ ಹೇಳಿಕೊಡಬಲ್ಲರೆಂಬದು ಅದರಿಂದ ಸಿದ್ಧವಾಯಿತು. ದಾರಿ ಇಲ್ಲವೆಂಬ ಮಾತು ಇನ್ನು ಸಲ್ಲದು; ನಡೆಯುವವರು ಬೇಕಷ್ಟೆ.

ನಮ್ಮ ಸೂಚನೆಗಳು ನಾಲ್ಕೇ. ಮೊದಲನೆಯದು, ಬೆಳಗಾವಿ ನಗರ, ಬೆಳಗಾವಿ ಗ್ರಾಮೀಣ, ಖಾನಾಪುರ ಈ ಮೂರು ವಲಯಗಳಲ್ಲಿ ಒಬ್ಬೊಬ್ಬ ಅನುಭವಸ್ಥ ಶಿಕ್ಷಕರನ್ನು ಮೇ ಕಡೆಯ ವಾರದಿಂದ ಜೂನ್ ಕೊನೆಯ ವರೆಗೆ ಈ ನೆರವಿಗೆಂದೇ ಗೊತ್ತುಮಾಡಿ, ಅವರನ್ನು ಎಲ್ಲಿ ಯಾವಾಗ ಕಾಣಬಹುದೆಂಬದನ್ನು ಎಲ್ಲ ಶಾಲೆಗಳಿಗೆ ತಿಳಿಸತಕ್ಕದ್ದು. ಎರಡನೆಯದು, ಕನ್ನಡ, ಮರಾಠಿ, ಉರ್ದು ಮೂರರಲ್ಲಿಯೂ ಇಪ್ಪತ್ತು ಪುಟಗಳ ಒಂದು ಕೈಪಿಡಿಯನ್ನು ಅಚ್ಚುಹಾಕಿಸತಕ್ಕದ್ದು. ಅದರಲ್ಲಿ ನಮ್ಮ ಕಡೆಯ ಎರಡು ಮಾಧ್ಯಮದ ಶಾಲೆಯೊಂದರ ಮಾದರಿ ಕಡತವೂ, ತೆರೆಯ ಮೇಲೆ ಬರುವ ಮುಖ್ಯ ಸೂಚನೆಗಳ ಅರ್ಥವೂ ಇರಬೇಕು. ಮೂರನೆಯದು, ಪ್ರತಿ ಶಾಲೆಯಲ್ಲಿ ಈ ಕೆಲಸವನ್ನು ಬಲ್ಲವರು ಇಬ್ಬರಿರಬೇಕು. ಕಡತದ ಪ್ರತಿಯು ಶಾಲೆಯ ದಫ್ತರದಲ್ಲಿ ಉಳಿಯಬೇಕು. ವರ್ಗವಾಗಿ ಹೋಗುವವರು ಕಾರ್ಯಭಾರ ಒಪ್ಪಿಸುವ ಯಾದಿಯಲ್ಲಿ ಇದೂ ಒಂದು ಬಾಬಾಗಬೇಕು. ನಾಲ್ಕನೆಯದು, ಒಂದು ಶಾಲೆಯಲ್ಲಿ ಬಿಡಿಸಿದ ತೊಡಕನ್ನು ಬರೆದಿಟ್ಟು ಇನ್ನೊಂದಕ್ಕೆ ತಿಳಿಸುವ ಪದ್ಧತಿ ಬೇಕು. ಒಬ್ಬರು ಪಟ್ಟ ಕಷ್ಟವನ್ನು ಹತ್ತು ಜನ ಹೊಸದಾಗಿ ಪಡುವದು ವಿದ್ಯಾವಂತರ ಲಕ್ಷಣವಲ್ಲ.

ಇವುಗಳಲ್ಲಿ ದೊಡ್ಡ ಖರ್ಚಿನದು ಯಾವುದೂ ಇಲ್ಲ. ಕಟ್ಟಡ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ. ತಂತ್ರಾಂಶವಂತೂ ಬಿಟ್ಟಿಯೇ ದೊರೆಯುವದು. ಬೇಕಾದದ್ದು ಅಧಿಕಾರಿಗಳ ಒಂದು ಸುತ್ತೋಲೆ, ಬಲ್ಲವರ ಒಂದಿಷ್ಟು ಹೊತ್ತು, ಬಾರದವರು ಸಂಕೋಚವಿಲ್ಲದೆ ಕೇಳುವ ಮನಸ್ಸು. ನಮ್ಮ ವಾಚಕರಲ್ಲಿ ಅಧಿಕಾರಿಗಳಿರುವರು, ಶಾಲೆಗಳ ಆಡಳಿತ ಮಂಡಳಿಯವರಿರುವರು, ಗಣಕವಿದ್ಯೆಯಲ್ಲಿ ನುರಿತ ತರುಣರ ತಂದೆಗಳೂ ಇರುವರು. ಬರುವ ಮೇ ತಿಂಗಳಲ್ಲಿ ತಮ್ಮ ಊರಿನ ಶಾಲೆಗೆ ಒಮ್ಮೆ ಹೋಗಿ ‘ಈ ಸಲದ ವೇಳಾಪತ್ರಕ ಎಲ್ಲಿಗೆ ಬಂದಿತು, ನಮ್ಮಿಂದ ಏನಾದರೂ ಆಗಬೇಕೇ’ ಎಂದು ಅವರು ಕೇಳಲಿ. ಮಕ್ಕಳ ಇಪ್ಪತ್ತು ತಾಸುಗಳನ್ನು ಉಳಿಸಿಕೊಡುವದು ಯಾವ ದಾನಕ್ಕೂ ಕಡಿಮೆಯದಲ್ಲ.